‘ಸಂಗ್ರಹಿಸಲಾಗುವುದು’, ‘ಸಂಗ್ರಹಿಸಲಾಗಿದೆ’: ಕನ್ನಡ ಭಾಷಾಸಂಶೋಧನೆಯಲ್ಲಿ ಅಧ್ಯಯನ ವಿಧಾನದ ಯೋಜನೆ ಮತ್ತು ನಿರೂಪಣೆ

ಸಾರಾಂಶ: ಕನ್ನಡದಲ್ಲಿ ಬರೆದ ಭಾಷಾವಿಜ್ಞಾನದ ಪ್ರಬಂಧಗಳಲ್ಲಿ ‘ಅಧ್ಯಯನ ವಿಧಾನ’ ಎಂಬ ಭಾಗವು ಬಹುಮಟ್ಟಿಗೆ ವಿಧಾನಗಳ ಹೆಸರುಗಳನ್ನು ಹೇಳುತ್ತದೆ, ಸಂಶೋಧಕರು ಕೈಗೊಂಡ ತೀರ್ಮಾನಗಳನ್ನು ಹೇಳುವುದಿಲ್ಲ. ಈ ಲೇಖನವು ಆ ಭಾಗದ ಗದ್ಯವನ್ನೇ ಭಾಷಿಕ ಸಾಮಗ್ರಿಯಾಗಿ ಪರಿಶೀಲಿಸುತ್ತದೆ. ‘-ಅಲಾಗು’ ರಚನೆಯು ಕರ್ತೃವನ್ನು ಮರೆಮಾಡುವುದರ ಜೊತೆಗೆ ‘ಮಾಡಲಿಲ್ಲ’ ಮತ್ತು ‘ಮಾಡಲು ಆಗಲಿಲ್ಲ’ ಎಂಬುವುಗಳ ವ್ಯತ್ಯಾಸವನ್ನೂ ಅಳಿಸುತ್ತದೆ ಎಂಬುದು ಇಲ್ಲಿನ ವಾದ. ಗ್ರಿಯರ್ಸನ್ ಅವರ ಸಮೀಕ್ಷೆ, ಬ್ರೈಟ್ ಮತ್ತು ರಾಮಾನುಜನ್ ಅವರ ಉಪಭಾಷಾ ಅಧ್ಯಯನ ಹಾಗೂ ಕನ್ನಡದ ಹಕಾರಲೋಪ ಇವುಗಳ ಆಧಾರದಿಂದ, ಯೋಜನೆ ಮತ್ತು ನಿರೂಪಣೆಗಳನ್ನು ಎರಡು ಬೇರೆ ದಾಖಲೆಗಳಾಗಿ ಕಾಣಬೇಕೆಂದು ಲೇಖನವು ಸೂಚಿಸುತ್ತದೆ.

ಪ್ರಮುಖ ಪದಗಳು: ಅಧ್ಯಯನ ವಿಧಾನ, ಕರ್ಮಣಿ ಪ್ರಯೋಗ, ಸಾಮಾಜಿಕ ಉಪಭಾಷೆ, ಹಕಾರಲೋಪ, ಮಾದರಿ ಆಯ್ಕೆ

1. ಪೀಠಿಕೆ

ಸಂಶೋಧನೆಗೆ ನೋಂದಾಯಿಸಿಕೊಳ್ಳುವ ವಿದ್ಯಾರ್ಥಿಯ ಸಾರಲೇಖದಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ‘ಕ್ಷೇತ್ರಕಾರ್ಯದ ಮೂಲಕ ಮಾಹಿತಿಯನ್ನು ಸಂಗ್ರಹಿಸಲಾಗುವುದು.’ ನಾಲ್ಕೈದು ವರ್ಷಗಳ ಅನಂತರ ಅದೇ ವಿದ್ಯಾರ್ಥಿಯ ಮಹಾಪ್ರಬಂಧದಲ್ಲಿ ಆ ವಾಕ್ಯವು ಹೀಗಾಗುತ್ತದೆ: ‘ಕ್ಷೇತ್ರಕಾರ್ಯದ ಮೂಲಕ ಮಾಹಿತಿಯನ್ನು ಸಂಗ್ರಹಿಸಲಾಗಿದೆ.’ ಬದಲಾದದ್ದು ಕ್ರಿಯಾಪದದ ತುದಿ ಮಾತ್ರ. ನಡುವೆ ಕಳೆದ ವರ್ಷಗಳಲ್ಲಿ ಸಂಶೋಧಕರು ಊರೂರು ತಿರುಗಿದ್ದಾರೆ, ಕೆಲವರು ಮಾತನಾಡಲು ಒಪ್ಪಿಲ್ಲ, ಪ್ರಶ್ನಾವಳಿಯ ಅರ್ಧ ಭಾಗ ಕೆಲಸಕ್ಕೆ ಬಂದಿಲ್ಲ, ಮೊದಲು ಎಣಿಸಿದ್ದ ವರ್ಗೀಕರಣ ಮುರಿದುಬಿದ್ದಿದೆ. ಇದೊಂದೂ ಆ ಎರಡು ವಾಕ್ಯಗಳ ನಡುವೆ ಕಾಣುವುದಿಲ್ಲ. ಕ್ಷೇತ್ರವು ಸಂಶೋಧಕರಿಗೆ ಏನನ್ನೂ ಕಲಿಸಲಿಲ್ಲವೇನೋ ಎಂಬಂತೆ ಭವಿಷ್ಯತ್ಕಾಲವು ಪೂರ್ಣಕಾಲಕ್ಕೆ ತಿರುಗಿಕೊಂಡಿದೆ.

ಈ ಲೇಖನದ ವ್ಯಾಪ್ತಿಯನ್ನು ಮೊದಲೇ ಹೇಳಬೇಕು. ಇದು ಎಣಿಕೆಯ ಅಧ್ಯಯನವಲ್ಲ. ಸಂಶೋಧನ ವಿದ್ಯಾರ್ಥಿಯಾಗಿ, ಅನಂತರ ಅಧ್ಯಾಪನದ ಭಾಗವಾಗಿ ಪ್ರಬಂಧಗಳನ್ನೂ ಸಾರಲೇಖಗಳನ್ನೂ ಓದುವಾಗ ಮತ್ತೆ ಮತ್ತೆ ಎದುರಾದ ಒಂದು ಬಗೆಯ ಗದ್ಯವನ್ನು ನಾನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಆದ್ದರಿಂದ ಇಂಥ ಗದ್ಯ ನೂರಕ್ಕೆ ಎಷ್ಟು ಪ್ರಬಂಧಗಳಲ್ಲಿದೆ ಎಂಬುದನ್ನು ಇಲ್ಲಿ ನಿರ್ಣಯಿಸುವುದಿಲ್ಲ. ಉದಾಹರಣೆಯಾಗಿ ಕೊಟ್ಟ ವಾಕ್ಯಗಳು ಯಾವ ಒಂದು ಪ್ರಬಂಧದಿಂದಲೂ ಆಯ್ದವಲ್ಲ. ಪರಿಚಿತವಾದ ಅಚ್ಚಿನಲ್ಲಿ ನಾನೇ ರಚಿಸಿಕೊಂಡವು. ವಿಮರ್ಶೆಯ ಗುರಿ ವ್ಯಕ್ತಿಗಳಲ್ಲ, ಆ ಅಚ್ಚು.

2. ‘-ಅಲಾಗು’ ರಚನೆ ಮರೆಮಾಡುವುದೇನು?

ಕೆಳಗಿನ ಮೂರು ವಾಕ್ಯಗಳನ್ನು ಹೋಲಿಸಬಹುದು.

(1) ಐವರಿಗೆ ಈ ಪ್ರಶ್ನೆಗಳನ್ನು ಕೇಳಿದೆನು.
(2) ಐವರಿಗೆ ಈ ಪ್ರಶ್ನೆಗಳು ಕೇಳಲ್ಪಟ್ಟವು.
(3) ಐವರಿಗೆ ಈ ಪ್ರಶ್ನೆಗಳನ್ನು ಕೇಳಲಾಯಿತು.

(1)ರಲ್ಲಿ ‘ನಾನು’ ಎಂಬ ಪದವಿಲ್ಲದಿದ್ದರೂ ಕ್ರಿಯಾಪದದ ಪ್ರತ್ಯಯವೇ ಕರ್ತೃವನ್ನು ಹೇಳುತ್ತದೆ. (2)ರಲ್ಲಿ ‘ಪ್ರಶ್ನೆಗಳು’ ಪ್ರಥಮಾ ವಿಭಕ್ತಿಗೆ ಬಂದು ಕ್ರಿಯಾಪದವು ಅದರ ವಚನವನ್ನು ಅನುಸರಿಸುತ್ತದೆ. ಬೇಕಾದರೆ ‘ನನ್ನಿಂದ’ ಎಂದು ಕರ್ತೃವನ್ನು ಸೇರಿಸುವ ಅವಕಾಶ, ಕೃತಕವಾಗಿಯಾದರೂ, ಉಳಿದಿದೆ. (3)ರಲ್ಲಿ ಕರ್ಮವು ದ್ವಿತೀಯಾ ವಿಭಕ್ತಿಯಲ್ಲಿಯೇ ಇದೆ. ಕ್ರಿಯಾಪದ ಮಾತ್ರ ಯಾವುದನ್ನೂ ಅನುಸರಿಸದೆ ನಪುಂಸಕ ಏಕವಚನದಲ್ಲಿ ನಿಂತಿದೆ. ಕರ್ತೃವಿನ ಸ್ಥಾನವೇ ಇಲ್ಲಿ ಮುಚ್ಚಿಹೋಗಿದೆ. ಆಡುಮಾತಿನಲ್ಲಿ ವಿರಳವಾದ ಈ ರಚನೆ ಆಡಳಿತದ, ಪತ್ರಿಕೆಯ ಮತ್ತು ಶಾಸ್ತ್ರದ ಗದ್ಯದಲ್ಲಿ ಸಮೃದ್ಧವಾಗಿದೆ. ‘ಆದೇಶಿಸಲಾಗಿದೆ’ ಎಂದಾಗ ಆದೇಶಿಸಿದವರು ಯಾರೆಂದು ಕೇಳುವಂತಿಲ್ಲ.

ಇಷ್ಟು ಮಾತ್ರವಾಗಿದ್ದರೆ ಇದನ್ನು ಶೈಲಿಯ ಪ್ರಶ್ನೆಯೆಂದು ಬಿಟ್ಟುಬಿಡಬಹುದಿತ್ತು. ತೊಡಕು ಇರುವುದು ನಿಷೇಧರೂಪದಲ್ಲಿ.

(4) ಈ ಸಮುದಾಯದ ಮಹಿಳೆಯರನ್ನು ಸಂದರ್ಶಿಸಲಾಗಿಲ್ಲ.

ಈ ವಾಕ್ಯಕ್ಕೆ ಎರಡು ಅರ್ಥಗಳಿವೆ. ಸಂಶೋಧಕರು ಮಹಿಳೆಯರನ್ನು ಸಂದರ್ಶಿಸುವುದು ಬೇಡವೆಂದು ತೀರ್ಮಾನಿಸಿದರು ಎಂಬುದು ಒಂದು. ಸಂದರ್ಶಿಸಲು ಅವರಿಂದ ಸಾಧ್ಯವಾಗಲಿಲ್ಲ ಎಂಬುದು ಇನ್ನೊಂದು. ‘-ಇಂದ’ ಸೇರಿಸಿ ‘ನನ್ನಿಂದ ಸಂದರ್ಶಿಸಲಾಗಲಿಲ್ಲ’ ಎಂದರೆ ಎರಡನೆಯ ಅರ್ಥವೇ ಮುಂದೆ ಬರುತ್ತದೆ. ಅಲ್ಲಿ ಕರ್ತೃ ಬಂದದ್ದು ಅಸಾಮರ್ಥ್ಯವನ್ನು ಹೇಳುವುದಕ್ಕಾಗಿಯೇ. ‘-ಅಲಾಗು’ ರಚನೆಯಲ್ಲಿ ಕರ್ಮಣಿ ಅರ್ಥ ಮತ್ತು ಸಾಮರ್ಥ್ಯದ ಅರ್ಥ ಒಂದೇ ರೂಪವನ್ನು ಹಂಚಿಕೊಂಡಿರುವುದರಿಂದ (4)ರಂಥ ವಾಕ್ಯದಲ್ಲಿ ಅವುಗಳ ಗಡಿ ಅಳಿಸಿಹೋಗುತ್ತದೆ.

ಅಧ್ಯಯನ ವಿಧಾನದ ಭಾಗದಲ್ಲಿ ಓದುಗರಿಗೆ ಅತ್ಯಗತ್ಯವಾಗಿ ತಿಳಿಯಬೇಕಾದದ್ದು ಇದೇ ಗಡಿ. ಮಹಿಳೆಯರನ್ನು ಬಿಟ್ಟದ್ದು ಯೋಜನೆಯಾಗಿದ್ದರೆ ಅದಕ್ಕೆ ಕಾರಣ ಕೇಳಬೇಕು. ಫ್ರಾನ್ಸಿನ ಭಾಷಾ ಭೂಪಟಕ್ಕಾಗಿ 639 ಸ್ಥಳಗಳಿಗೆ ಹೋದ ಎಡ್ಮನ್ ಅವರ ಸುಮಾರು ಏಳುನೂರು ಮಾಹಿತಿದಾರರಲ್ಲಿ ಮಹಿಳೆಯರು ಅತ್ಯಲ್ಪ. ಒಂದೆಡೆ ನೆಲೆಸಿದ, ವಯಸ್ಸಾದ, ಗ್ರಾಮೀಣ ಪುರುಷರನ್ನೇ ಅವಲಂಬಿಸಿದ ಆ ಪರಂಪರೆಯನ್ನು ಚೇಂಬರ್ಸ್ ಮತ್ತು ಟ್ರಡ್ಗಿಲ್ (1980) ಮುಂದೆ ಪ್ರಶ್ನಿಸಿದರು. ಬಿಟ್ಟದ್ದು ಅಶಕ್ಯತೆಯಿಂದಾಗಿದ್ದರೆ ಪ್ರಶ್ನೆ ಬೇರೆ: ಯಾರು ತಡೆದರು, ಯಾವ ಮನೆಗಳಲ್ಲಿ, ಪರಿಚಯಿಸಿದವರು ಯಾರು? ಆ ತಡೆಯೇ ಸಮುದಾಯದ ಮಾತಿನ ವ್ಯವಸ್ಥೆಯ ಬಗ್ಗೆ ಏನನ್ನೋ ಹೇಳುತ್ತಿರಬಹುದು. ‘ಸಂದರ್ಶಿಸಲಾಗಿಲ್ಲ’ ಎಂಬ ಪದವು ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ತಪ್ಪಿಸುತ್ತದೆ.

3. ದೋಷವಿದ್ದರೂ ಉತ್ತರಿಸಬಲ್ಲ ವಿಧಾನ: ಗ್ರಿಯರ್ಸನ್

ವಿಧಾನದಲ್ಲಿ ದೋಷವಿರುವುದು ಬೇರೆ, ವಿಧಾನದ ನಿರೂಪಣೆಯಲ್ಲಿ ದೋಷವಿರುವುದು ಬೇರೆ. ಇದನ್ನು ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆ ಚೆನ್ನಾಗಿ ತೋರಿಸುತ್ತದೆ. 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಪಟ್ಟಿಮಾಡಿದ ಆ ಸಮೀಕ್ಷೆ ಪ್ರತಿ ಭಾಷೆಗೆ ಮೂರು ಬಗೆಯ ಮಾದರಿಗಳನ್ನು ಬಯಸಿತು: ಬೈಬಲಿನ ದುಂದುಗಾರ ಮಗನ ಕಥೆಯ ಅನುವಾದ, ಸ್ಥಳೀಯವಾದ ಒಂದು ಕಥನ, 241 ಪದ ಮತ್ತು ವಾಕ್ಯಗಳ ನಿಗದಿತ ಪಟ್ಟಿ. ಇವನ್ನು ಜಿಲ್ಲಾಧಿಕಾರಿಗಳ ಮೂಲಕ ತರಿಸಿಕೊಂಡರು. ದ್ರಾವಿಡ ಭಾಷೆಗಳನ್ನು ಒಳಗೊಂಡ ನಾಲ್ಕನೆಯ ಸಂಪುಟವನ್ನು ಸ್ಟೆನ್ ಕೊನೊ ಸಿದ್ಧಪಡಿಸಿದರು. ಅದು 1906ರಲ್ಲಿ ಪ್ರಕಟವಾಯಿತು.

ಈ ವಿಧಾನದ ಮಿತಿಗಳು ಇಂದಿನ ವಿದ್ಯಾರ್ಥಿಗೂ ತಕ್ಷಣ ಹೊಳೆಯುತ್ತವೆ. ಅನುವಾದಿತ ಪಠ್ಯದಲ್ಲಿ ಮೂಲದ ವಾಕ್ಯರಚನೆ ನುಸುಳುತ್ತದೆ. ಅಧಿಕಾರಿಯ ಕೈಕೆಳಗಿನ ಅಕ್ಷರಸ್ಥರು ಬರೆದುಕೊಟ್ಟದ್ದು ಆಡುಮಾತಿಗಿಂತ ಬರಹದ ಭಾಷೆಗೆ ವಾಲುತ್ತದೆ. ಕನ್ನಡದ ಮಟ್ಟಿಗೆ ಇನ್ನೂ ದೊಡ್ಡ ಮಿತಿಯೊಂದಿದೆ: ಮದರಾಸು ಪ್ರಾಂತ್ಯ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಯ ಹೊರಗಿದ್ದವು. ಕನ್ನಡಿಗರ ಬಹುಭಾಗ ವಾಸಿಸುತ್ತಿದ್ದ ಪ್ರದೇಶಗಳನ್ನು ಬಿಟ್ಟು ನಡೆದ ಸಮೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳೂ ಮಧ್ಯ ಪ್ರಾಂತ್ಯದ ಗೋಲಾರಿಯಂಥ ಅಂಚಿನ ರೂಪಗಳೂ ಹೆಚ್ಚಿನ ತೂಕ ಪಡೆದವು.

ಆದರೆ ಈ ಮಿತಿಗಳನ್ನು ನಾವು ಇಂದು ಪಟ್ಟಿಮಾಡಬಲ್ಲೆವು ಎಂಬುದೇ ಸಮೀಕ್ಷೆಯ ಶಕ್ತಿ. ಯಾವ ಪಠ್ಯ, ಯಾವ ಪಟ್ಟಿ, ಯಾವ ಪ್ರದೇಶ, ಯಾರ ಮೂಲಕ ಎಂಬುದನ್ನು ಅದು ಹೇಳಿದೆ. ಆದ್ದರಿಂದ ಒಂದು ಮಾದರಿಯಲ್ಲಿ ಕಂಡ ಸಂಬಂಧವಾಚಕ ರಚನೆ ಕನ್ನಡದ್ದೋ ಅನುವಾದದ್ದೋ ಎಂದು ಅನುಮಾನಿಸುವ ದಾರಿ ನಮಗಿದೆ. ಅದೇ ಊರಿನ ಸ್ಥಳೀಯ ಕಥನದೊಂದಿಗೆ ಹೋಲಿಸಿ ಆ ಅನುಮಾನವನ್ನು ಪರೀಕ್ಷಿಸುವ ದಾರಿಯೂ ಇದೆ. ಶತಮಾನ ದಾಟಿದ ದೋಷಯುಕ್ತ ಸಾಮಗ್ರಿಯನ್ನು ನಾವು ಹೀಗೆ ಬಳಸಬಲ್ಲೆವು. ಇಪ್ಪತ್ತು ವರ್ಷಗಳ ಹಿಂದೆ ಧ್ವನಿಮುದ್ರಣ ಯಂತ್ರದೊಂದಿಗೆ ನಡೆದ ಕ್ಷೇತ್ರಕಾರ್ಯದ ಫಲವನ್ನು ಎಷ್ಟೋ ಸಲ ಹೀಗೆ ಬಳಸಲಾರೆವು. ಏಕೆಂದರೆ ಅಲ್ಲಿ ನಮಗೆ ಸಿಗುವುದು ‘ವಿವಿಧ ವಯೋಮಾನದ ವಕ್ತೃಗಳಿಂದ’ ಎಂಬಷ್ಟೇ ಮಾತು.

ಇದೇ ಅರ್ಥದಲ್ಲಿ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದ ಕುಪವಾಡವನ್ನೂ ನೆನೆಯಬಹುದು. ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರಿದ್ದ ಸಾಂಗ್ಲಿ ಜಿಲ್ಲೆಯ ಆ ಊರಿನ ಹೆಸರನ್ನೂ ಯಾವ ಸಾಮಾಜಿಕ ಗುಂಪಿನ ಮನೆಮಾತು ಯಾವುದೆಂಬುದನ್ನೂ ಅವರು ಕೊಟ್ಟಿದ್ದರು. ಆದ್ದರಿಂದಲೇ ಸೋನಲ್ ಕುಲಕರ್ಣಿ-ಜೋಶಿ (2016) ನಾಲ್ಕು ದಶಕಗಳ ಅನಂತರ ಅದೇ ಊರಿಗೆ ಮರಳಿ, ಭಾಷೆಗಳ ಪರಸ್ಪರ ಅನುವಾದಾರ್ಹತೆಯ ಆ ಪ್ರಸಿದ್ಧ ಮಾದರಿಯನ್ನು ವಿಮರ್ಶೆಗೆ ಒಡ್ಡುವುದು ಸಾಧ್ಯವಾಯಿತು.

4. ಯೋಜನೆ ಎಂದರೆ ಹೋಲಿಕೆಯ ಆಯ್ಕೆ: ಬ್ರೈಟ್ ಮತ್ತು ರಾಮಾನುಜನ್

ನಿರೂಪಣೆಯಿಂದ ಯೋಜನೆಯ ಕಡೆಗೆ ಬಂದರೆ, ಕನ್ನಡದ ಸಂದರ್ಭದಲ್ಲಿ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. ವಿಲಿಯಂ ಬ್ರೈಟ್ 1960ರಲ್ಲಿ ಬೆಂಗಳೂರಿನ ಕನ್ನಡದ ಬ್ರಾಹ್ಮಣ ಮತ್ತು ಒಕ್ಕಲಿಗ ಉಪಭಾಷೆಗಳನ್ನು ಹೋಲಿಸಿದರು. ‘ಇದೆ’ ಮತ್ತು ‘ಐತೆ’ಯಂಥ ವ್ಯತ್ಯಾಸಗಳು ಆ ಹೋಲಿಕೆಯಲ್ಲಿವೆ. ಎರವಲು ಪದ, ಎರವಲು ಧ್ವನಿಗಳಂಥ ಪ್ರಜ್ಞಾಪೂರ್ವಕ ಮಟ್ಟದ ಬದಲಾವಣೆ ಬ್ರಾಹ್ಮಣ ಉಪಭಾಷೆಯಲ್ಲಿ ಹೆಚ್ಚು. ಧ್ವನಿ ಮತ್ತು ಆಕೃತಿಮಾ ಮಟ್ಟದ, ಆಡುವವರ ಅರಿವಿಗೆ ಬಾರದ ಬದಲಾವಣೆ ಇನ್ನೊಂದರಲ್ಲಿ ಹೆಚ್ಚು ಎಂಬುದು ಅವರು ಮುಂದಿಟ್ಟ ವಿಚಾರ. ಅದೇ ವರ್ಷ ಮೆಕಾರ್ಮಕ್ ಧಾರವಾಡದ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಕುರಿತು ಬರೆದರು.

ಇಂಥ ಹೋಲಿಕೆಯಲ್ಲಿ ಒಂದು ಗಂಟು ಇದ್ದೇ ಇರುತ್ತದೆ. ಜಾತಿ ಬೇರೆಯಾದಲ್ಲಿ, ಆ ಕಾಲಕ್ಕಂತೂ, ಅಕ್ಷರಜ್ಞಾನದ ಪರಂಪರೆಯೂ ಬೇರೆ. ಕಂಡ ವ್ಯತ್ಯಾಸಕ್ಕೆ ಕಾರಣ ಜಾತಿಯೋ ಬರಹದ ಬಳಕೆಯೋ? ಒಂದೇ ಭಾಷೆಯೊಳಗೆ ಇನ್ನಷ್ಟು ಮಾಹಿತಿದಾರರನ್ನು ಸೇರಿಸಿದ ಮಾತ್ರಕ್ಕೆ ಈ ಗಂಟು ಬಿಡುವುದಿಲ್ಲ. 1964ರಲ್ಲಿ ಪ್ರಕಟವಾದ ಲೇಖನದಲ್ಲಿ ಬ್ರೈಟ್ ಮತ್ತು ಎ. ಕೆ. ರಾಮಾನುಜನ್ ಹೋಲಿಕೆಯನ್ನು ತಮಿಳಿಗೂ ತುಳುವಿಗೂ ವಿಸ್ತರಿಸಿದರು. ತುಳುವಿನ ಆಯ್ಕೆ ಇಲ್ಲಿ ಮುಖ್ಯ. ಅದರಲ್ಲಿಯೂ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ಉಪಭಾಷೆಗಳಿವೆ. ಆದರೆ ಆ ಭಾಷೆಯಲ್ಲಿಯೇ ಓದುಬರಹ ಮಾಡುವ ವ್ಯಾಪಕ ರೂಢಿಯಿಲ್ಲ. ಬದಲಾವಣೆಗೆ ತಡೆ ಹಾಕುವುದು ಬರಹವೇ ಆಗಿದ್ದರೆ ತುಳುವಿನ ಎರಡೂ ಉಪಭಾಷೆಗಳಲ್ಲಿ ಬದಲಾವಣೆ ಕಾಣಬೇಕು. ಜಾತಿಯೇ ಆಗಿದ್ದರೆ ಕನ್ನಡದ ಚಿತ್ರವೇ ಮರುಕಳಿಸಬೇಕು. ಎರಡೂ ಉಪಭಾಷೆಗಳು ಬದಲಾಗಿರುವುದನ್ನು ಅವರು ಕಂಡರು. ಬರಹವು ತಡೆಯಾಗಿ ಕೆಲಸಮಾಡುತ್ತದೆ ಎಂಬ ಕಡೆಗೆ ವಾಲಿದರು.

ಈ ತೀರ್ಮಾನವನ್ನು ಒಪ್ಪಲೇಬೇಕೆಂದಿಲ್ಲ. ತುಳು ಬ್ರಾಹ್ಮಣರಲ್ಲಿ ಕನ್ನಡ ಮತ್ತು ಸಂಸ್ಕೃತದ ಓದುಬರಹವಿತ್ತು. ಒಂದು ಭಾಷೆಯ ಅಕ್ಷರಜ್ಞಾನ ಇನ್ನೊಂದು ಭಾಷೆಯ ಮಾತಿಗೆ ತಡೆಯಾಗುವುದಿಲ್ಲ ಎಂಬ ಊಹೆ ವಾದದ ಒಳಗೆ ಅಡಗಿದೆ. ಅದಕ್ಕೆ ಬೇರೆ ಆಧಾರ ಬೇಕು. ಆದರೂ ಈ ಆಕ್ಷೇಪವನ್ನು ಎತ್ತಲು ನಮಗೆ ಸಾಧ್ಯವಾದದ್ದು ತುಳುವನ್ನು ಆರಿಸಿದ ಕಾರಣ ಸ್ಪಷ್ಟವಾಗಿರುವುದರಿಂದ. ಯೋಜನೆಯೆಂದರೆ ಸಾಧನಗಳ ಪಟ್ಟಿಯಲ್ಲ. ಯಾವ ಫಲಿತಾಂಶ ಬಂದರೆ ನನ್ನ ಪ್ರಾಕ್ಕಲ್ಪನೆ ಬೀಳುತ್ತದೆ ಎಂಬುದನ್ನು ಕ್ಷೇತ್ರಕ್ಕೆ ಹೋಗುವ ಮೊದಲು ತಿಳಿದುಕೊಳ್ಳುವುದೇ ಯೋಜನೆ. ‘ವಿವರಣಾತ್ಮಕ ವಿಧಾನವನ್ನು ಅನುಸರಿಸಲಾಗುವುದು’ ಎಂಬ ವಾಕ್ಯದಲ್ಲಿ ಬೀಳಬಹುದಾದದ್ದು ಏನೂ ಇಲ್ಲ.

5. ಒಂದು ಪರೀಕ್ಷೆ: ಹಕಾರಲೋಪದ ಅಧ್ಯಯನವನ್ನು ಯೋಜಿಸುವುದು

ಈ ಮಾತನ್ನು ಕನ್ನಡದ ಒಂದು ಚಿರಪರಿಚಿತ ವಿಷಯದಲ್ಲಿ ಪರೀಕ್ಷಿಸೋಣ. ಪದಾದಿಯ ಹಕಾರ ಬಿಡುವುದು, ಎಂದರೆ ‘ಹಾಲು’ ಎಂಬಲ್ಲಿ ‘ಆಲು’ ಎನ್ನುವುದು, ದಕ್ಷಿಣ ಕರ್ನಾಟಕದ ಹಲವು ಉಪಭಾಷೆಗಳಲ್ಲಿದೆ. ಇದನ್ನು ಕುರಿತು ‘ಈ ಸಮುದಾಯದವರು ಹಕಾರವನ್ನು ಉಚ್ಚರಿಸುವುದಿಲ್ಲ’ ಎಂಬ ಹೇಳಿಕೆ ಪ್ರಬಂಧದಿಂದ ಪಠ್ಯಪುಸ್ತಕಕ್ಕೂ ಪಠ್ಯಪುಸ್ತಕದಿಂದ ತರಗತಿಗೂ ಸುಲಭವಾಗಿ ಸಾಗುತ್ತದೆ. ತರಗತಿಯಲ್ಲಿ ಆ ಸಮುದಾಯದ ಮಕ್ಕಳು ಕುಳಿತಿರುತ್ತಾರೆ. ‘ಆದರ’ ಹೋಗಿ ‘ಹಾದರ’ವಾದ ನಗೆಮಾತನ್ನು ಅವರು ಆಗಲೇ ಕೇಳಿರುತ್ತಾರೆ. ಅಧ್ಯಯನ ವಿಧಾನದಲ್ಲಿ ಬಿಟ್ಟ ಒಂದು ತೀರ್ಮಾನದ ಬೆಲೆಯನ್ನು ಕೊನೆಗೆ ತೆರುವವರು ಅವರು.

ಮೊದಲ ತೀರ್ಮಾನ: ಯಾವ ಹಕಾರ? ಹಳಗನ್ನಡದ ಪಕಾರದಿಂದ ಬಂದ ‘ಹಾಲು’, ‘ಹೆಸರು’, ‘ಹತ್ತು’ ಒಂದು ಗುಂಪು. ‘ಹಿತ’, ‘ಹಾನಿ’ಯಂಥ ಸಂಸ್ಕೃತ ಪದಗಳು ಇನ್ನೊಂದು. ‘ಹಕ್ಕು’, ‘ಹುಕುಂ’, ‘ಹೋಟೆಲು’ ಮೊದಲಾದ ಎರವಲುಗಳು ಮತ್ತೊಂದು. ‘ಹಾಗೆ’, ‘ಹೀಗೆ’ ಎಂಬುವುಗಳ ಹಕಾರವಂತೂ ಪಕಾರದಿಂದ ಬಂದದ್ದಲ್ಲ. ಅವು ‘ಆ’, ‘ಈ’ ಎಂಬ ನಿರ್ದೇಶಕಗಳ ಮೇಲೆ ನಿಂತಿವೆ. ಹೀಗಿರುವಾಗ ‘ಅಂಗೆ’, ‘ಇಂಗೆ’ ಎಂಬ ರೂಪಗಳನ್ನು ‘ಲೋಪ’ ಎಂದು ಕರೆಯುವುದೇ ಪ್ರಶ್ನಾರ್ಹ. ಸಹಜ ಸಂಭಾಷಣೆಯಲ್ಲಿ ಈ ಎರಡು ಪದಗಳು ಎಷ್ಟು ಸಲ ಬರುತ್ತವೆಂಬುದು ಧ್ವನಿಮುದ್ರಣವನ್ನು ಲಿಪ್ಯಂತರಿಸಿದವರಿಗೆಲ್ಲ ಗೊತ್ತು. ಇವನ್ನು ಎಣಿಕೆಯಲ್ಲಿ ಸೇರಿಸಿದರೆ ಒಂದು ಫಲಿತಾಂಶ, ಬಿಟ್ಟರೆ ಇನ್ನೊಂದು. ‘ಹಕಾರಲೋಪದ ಪ್ರಮಾಣವನ್ನು ಲೆಕ್ಕಹಾಕಲಾಗಿದೆ’ ಎಂಬ ವಾಕ್ಯವು ಯಾವುದನ್ನು ಮಾಡಿತು?

ಎರಡನೆಯದು, ಪದವನ್ನು ಹೊರಡಿಸುವ ಬಗೆ. ‘ಹಾಲಿಗೆ ನಿಮ್ಮ ಕಡೆ ಏನನ್ನುತ್ತೀರಿ?’ ಎಂದು ಕೇಳಿದ ಸಂಶೋಧಕರು ಉತ್ತರವನ್ನು ತಾವೇ ಉಚ್ಚರಿಸಿದ್ದಾರೆ. ಚೀಟಿಯಲ್ಲಿ ಬರೆದು ಓದಿಸಿದರೆ ಶಾಲೆಯ ನೆನಪು ಎದ್ದುಬರುತ್ತದೆ. ‘ಹಕ್ಕಿ’, ‘ಅಕ್ಕಿ’ ಎಂಬ ಜೋಡಿಯನ್ನು ಒಟ್ಟಿಗೆ ಕೇಳಿದರೆ ವ್ಯತ್ಯಾಸದತ್ತಲೇ ಗಮನ ಹೋಗುತ್ತದೆ. ಚಿತ್ರ ತೋರಿಸಬಹುದು; ಸಹಜ ಕಥನದಲ್ಲಿ ಕಾಯಬಹುದು; ಬೆಲೆ ಅಥವಾ ಹೊತ್ತನ್ನು ಕೇಳಿ ‘ಹತ್ತು’, ‘ಹನ್ನೊಂದು’ ಎಂಬ ಉತ್ತರ ತಾನಾಗಿ ಬರುವಂತೆ ಮಾಡಬಹುದು. ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಲಬೋವ್ 264 ಮಂದಿ ನೌಕರರಿಂದ ‘ನಾಲ್ಕನೇ ಮಹಡಿ’ ಎಂಬ ಉತ್ತರವನ್ನು ಪಡೆದದ್ದು ಹೀಗೆಯೇ. ಕೇಳಿಸದಂತೆ ನಟಿಸಿ ಎರಡನೆಯ ಸಲ ಹೇಳಿಸಿದ್ದನ್ನೂ ಅವರು ಬರೆದಿದ್ದಾರೆ. ಆದ್ದರಿಂದ 1986ರಲ್ಲಿ ಫೌಲರ್ ಅದೇ ಅಧ್ಯಯನವನ್ನು ಮತ್ತೆ ಮಾಡುವುದು ಸಾಧ್ಯವಾಯಿತು. ಮಾಹಿತಿದಾರರಿಗೆ ತಿಳಿಸದೆ ದಾಖಲಿಸುವುದು ಇಂದಿನ ಸಂಶೋಧನ ನೀತಿಗೆ ಒಪ್ಪುವುದೇ ಎಂಬುದು ಬೇರೆ ಪ್ರಶ್ನೆ. ಅದನ್ನೂ ಯೋಜನೆಯಲ್ಲಿಯೇ ಎದುರಿಸಬೇಕು.

ಮೂರನೆಯದು, ಕೇಳುವ ಕಿವಿ. ಹಕಾರ ಇದೆ ಅಥವಾ ಇಲ್ಲ ಎಂಬ ಎರಡೇ ಆಯ್ಕೆಗಳನ್ನು ಕನ್ನಡ ಲಿಪಿ ಕೊಡುತ್ತದೆ. ವಾಸ್ತವ ಉಚ್ಚಾರದಲ್ಲಿ ಕ್ಷೀಣವಾದ ಉಸಿರಿನ ನಡುವಿನ ಸ್ಥಿತಿಗಳಿವೆ. ಲಿಪ್ಯಂತರವನ್ನು ನೇರವಾಗಿ ಕನ್ನಡ ಲಿಪಿಯಲ್ಲಿ ಮಾಡಿದರೆ ಈ ನಡುವಿನ ರೂಪಗಳನ್ನು ಲಿಪಿಯೇ ನಿರ್ಣಯಿಸಿಬಿಡುತ್ತದೆ. ಹಕಾರ ಬಿಡದ ಮನೆಮಾತಿನ ಸಂಶೋಧಕರ ಕಿವಿ ಕ್ಷೀಣ ಹಕಾರವನ್ನು ‘ಇಲ್ಲ’ ಎಂದೇ ಕೇಳಿಸಿಕೊಳ್ಳಬಹುದು. ಧ್ವನಿಮುದ್ರಣದ ಒಂದು ಭಾಗವನ್ನಾದರೂ ಬೇರೆ ಮನೆಮಾತಿನ ಇನ್ನೊಬ್ಬರು ಸ್ವತಂತ್ರವಾಗಿ ಗುರುತಿಸಿ, ಇಬ್ಬರೂ ಎಲ್ಲಿ ಒಪ್ಪಲಿಲ್ಲ ಎಂಬುದನ್ನು ವರದಿಮಾಡುವುದು ಇದಕ್ಕೆ ಕನಿಷ್ಠ ಉಪಾಯ.

ಇಷ್ಟನ್ನೂ ಸ್ಪಷ್ಟವಾಗಿ ಬರೆಯಲು ಕನ್ನಡದಲ್ಲಿ ಶೈಲಿಯಿಲ್ಲ ಎಂಬ ಮಾತನ್ನು ಒಪ್ಪಲಾರೆ. ಒಂದು ಕಲ್ಪಿತ ಅಧ್ಯಯನದ ನಿರೂಪಣೆ ಹೀಗಿರಬಹುದು: ‘ಪಕಾರಮೂಲದ ಹಕಾರವುಳ್ಳ ಪದಗಳನ್ನು ಮಾತ್ರ ಎಣಿಸಿದೆನು, ಹಾಗೆ, ಹೀಗೆ ಎಂಬ ಪದಗಳನ್ನು ಬಿಟ್ಟೆನು. ಚಿತ್ರಗಳನ್ನು ತೋರಿಸಿ ಪದಗಳನ್ನು ಹೇಳಿಸುವುದು ಮೊದಲ ಯೋಜನೆಯಾಗಿತ್ತು. ಮೊದಲ ಮೂರು ಮನೆಗಳಲ್ಲಿ ಹಿರಿಯರು ಅದನ್ನು ಮಕ್ಕಳ ಪರೀಕ್ಷೆಯೆಂದು ಭಾವಿಸಿ ಮಕ್ಕಳನ್ನು ಮುಂದೆ ಮಾಡಿದರು. ಆದ್ದರಿಂದ ಅಲ್ಲಿಂದ ಮುಂದೆ ಹಾಲು ಕರೆಯುವ ಕೆಲಸದ ಬಗ್ಗೆ ಮಾತನಾಡಿಸಿದೆನು. ಆ ಮೂರು ಮನೆಗಳ ಸಾಮಗ್ರಿಯನ್ನು ಬೇರೆಯಾಗಿಯೇ ಇಟ್ಟಿದ್ದೇನೆ.’ ಇಲ್ಲಿ ‘ನಾನು’ ಎಂಬ ಪದ ಒಮ್ಮೆಯೂ ಬಂದಿಲ್ಲ. ಆದರೂ ತೀರ್ಮಾನಿಸಿದವರು ಯಾರು, ಯಾವಾಗ, ಯಾಕೆ ಎಂಬುದೆಲ್ಲ ಇದೆ.

6. ‘ಯಾದೃಚ್ಛಿಕ’ ಎಂಬ ಪದ

ಇಲ್ಲಿಯವರೆಗಿನ ವಿಮರ್ಶೆಗೆ ನನ್ನ ಮಹಾಪ್ರಬಂಧವೂ ಹೊರತಲ್ಲ. ಅದರಲ್ಲಿ ‘ಮಾಹಿತಿದಾರರನ್ನು ಯಾದೃಚ್ಛಿಕವಾಗಿ ಆಯ್ಕೆ ಮಾಡಲಾಗಿದೆ’ ಎಂದು ಬರೆದಿದ್ದೆ. ಕೆಲವು ವರ್ಷಗಳ ಅನಂತರ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಆ ಪುಟವನ್ನು ತೆರೆದು, ‘ಊರಿನ ಮನೆಗಳ ಪಟ್ಟಿ ನಿಮಗೆ ಎಲ್ಲಿ ಸಿಕ್ಕಿತು? ನನಗೂ ಬೇಕಿತ್ತು’ ಎಂದು ಕೇಳಿದರು. ನನ್ನ ಬಳಿ ಯಾವ ಪಟ್ಟಿಯೂ ಇರಲಿಲ್ಲ. ನಾನು ಉಳಿದುಕೊಂಡದ್ದು ಆ ಊರಿನ ಶಾಲೆಯ ಅಧ್ಯಾಪಕರೊಬ್ಬರ ಮನೆಯಲ್ಲಿ. ಮಾತನಾಡಿಸಿದ್ದು ಅವರು ಪರಿಚಯಿಸಿದವರನ್ನು. ಎಷ್ಟೋ ಸಲ ಅವರೂ ಜೊತೆಯಲ್ಲಿ ಕುಳಿತಿರುತ್ತಿದ್ದರು. ಒಂದು ಕಾಲಕ್ಕೆ ತಮ್ಮ ಅಥವಾ ತಮ್ಮ ಮಕ್ಕಳ ಉಚ್ಚಾರವನ್ನು ತಿದ್ದಿದ್ದ ಮೇಷ್ಟರ ಎದುರಿನಲ್ಲಿ ಜನರು ನನ್ನೊಂದಿಗೆ ಮಾತನಾಡಿದ್ದರು. ಅಂಥ ಸಾಮಗ್ರಿಯನ್ನು ‘ಸಹಜ ಮಾತು’ ಎಂದು ವಿಶ್ಲೇಷಿಸಿದ್ದೆ.

ಅದು ಸುಳ್ಳು ಹೇಳುವ ಉದ್ದೇಶದಿಂದ ಬರೆದ ವಾಕ್ಯವಲ್ಲ. ಸಾಮಾನ್ಯ ಬಳಕೆಯಲ್ಲಿ ‘ಯಾದೃಚ್ಛಿಕ’ ಎಂದರೆ ಆಕಸ್ಮಿಕವಾಗಿ, ಸಿಕ್ಕಂತೆ. ಆ ಅರ್ಥದಲ್ಲಿ ನನ್ನ ಆಯ್ಕೆ ಯಾದೃಚ್ಛಿಕವೇ. ಸಂಖ್ಯಾಶಾಸ್ತ್ರದಲ್ಲಿ ಅದರ ಅರ್ಥ ಹೆಚ್ಚುಕಡಿಮೆ ವಿರುದ್ಧ: ಸಮುದಾಯದ ಪ್ರತಿಯೊಬ್ಬರೂ ಆಯ್ಕೆಯಾಗುವ ಸಂಭವವು ತಿಳಿದಿರುವಂತೆ ಕಟ್ಟುನಿಟ್ಟಾಗಿ ನಡೆಸಿದ ಆಯ್ಕೆ. ಸಿಕ್ಕಂತೆ ಆರಿಸುವುದನ್ನು ತಪ್ಪಿಸುವುದಕ್ಕೇ ಆ ವಿಧಾನ ಹುಟ್ಟಿದ್ದು. ಒಂದೇ ಪದ ಎರಡನ್ನೂ ಹೇಳುವುದರಿಂದ, ಸಡಿಲವಾದ ಕೆಲಸಕ್ಕೆ ಬಿಗಿಯಾದ ಹೆಸರು ತಾನಾಗಿ ದೊರೆತುಬಿಡುತ್ತದೆ. ‘ಮಾದರಿ’ ಎಂಬ ಪದದಲ್ಲಿಯೂ ಇದೇ ತೊಡಕಿದೆ: ಅದು ಸಮುದಾಯದಿಂದ ಆಯ್ದ ಭಾಗವೂ ಹೌದು, ಸಿದ್ಧಾಂತದ ಚೌಕಟ್ಟೂ ಹೌದು, ಅನುಕರಣೀಯವಾದದ್ದೂ ಹೌದು.

ಪರಿಚಯದವರ ಮೂಲಕ ಮಾಹಿತಿದಾರರನ್ನು ಪಡೆಯುವುದು ತಪ್ಪಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಸಲ ಅದೊಂದೇ ದಾರಿ. ಪರಿಚಯದ ಸರಪಣಿಯನ್ನು ಬಚ್ಚಿಟ್ಟದ್ದು ತಪ್ಪು. ಅದನ್ನು ಬರೆದಿದ್ದರೆ ಆ ವಿದ್ಯಾರ್ಥಿನಿ ನನ್ನ ಸಾಮಗ್ರಿಯನ್ನು ‘ಅಧ್ಯಾಪಕರ ಎದುರಿನ ಕನ್ನಡ’ ಎಂದಾದರೂ ಬಳಸಬಹುದಿತ್ತು. ಅದು ಕೂಡ ಒಂದು ಕನ್ನಡವೇ, ಅಧ್ಯಯನಯೋಗ್ಯವಾದದ್ದೇ. ನನ್ನ ವಾಕ್ಯವು ಅದನ್ನು ಯಾವ ಬಳಕೆಗೂ ಬಾರದಂತೆ ಮಾಡಿತು.

7. ಆಕ್ಷೇಪಗಳು

ಈ ವಾದಕ್ಕೆ ಬರಬಹುದಾದ ಮೂರು ಆಕ್ಷೇಪಗಳನ್ನು ಸಂಕ್ಷೇಪವಾಗಿ ಪರಿಶೀಲಿಸಬಹುದು. ಶಾಸ್ತ್ರದ ಗದ್ಯದಲ್ಲಿ ಕರ್ತೃವನ್ನು ಹಿಂದಿಡುವುದು ವಿನಯ ಎಂಬುದು ಮೊದಲನೆಯದು. ಕನ್ನಡದ ಕ್ರಿಯಾಪದವು ಸರ್ವನಾಮವಿಲ್ಲದೆ ಕರ್ತೃವನ್ನು ಸೂಚಿಸಬಲ್ಲದಾದ್ದರಿಂದ ವಿನಯಕ್ಕೂ ಹೊಣೆಗಾರಿಕೆಗೂ ನಮ್ಮ ಭಾಷೆಯಲ್ಲಿ ವಿರೋಧವಿಲ್ಲ. ‘-ಅಲಾಗು’ ರಚನೆಯನ್ನು ತೊರೆಯಬೇಕೆಂದೂ ನಾನು ಹೇಳುತ್ತಿಲ್ಲ. ಕರ್ತೃ ಯಾರಾದರೂ ವ್ಯತ್ಯಾಸವಾಗದ ಕಡೆ ಅದಕ್ಕೆ ಸ್ಥಾನವಿದೆ. ತೀರ್ಮಾನವನ್ನು ಹೇಳುವಲ್ಲಿ ಇಲ್ಲ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಮೊದಲೇ ಯೋಜಿಸಿ, ಪ್ರಾಕ್ಕಲ್ಪನೆ ಕಟ್ಟಿಕೊಂಡು ಹೋಗುವುದು ಪ್ರಯೋಗಾಲಯದ ಕ್ರಮ. ಯಾರೂ ವಿವರಿಸದ ಭಾಷೆಯೊಂದರ ವ್ಯಾಕರಣ ಬರೆಯುವವರು ಕ್ಷೇತ್ರದಿಂದಲೇ ಪ್ರಶ್ನೆಗಳನ್ನು ಪಡೆಯುತ್ತಾರೆ ಎಂಬುದು ಅದರ ಸಾರ. ಇದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆಗಳು ಕ್ಷೇತ್ರದಿಂದ ಹುಟ್ಟುವುದಾದರೆ, ಅವು ಹೇಗೆ ಹುಟ್ಟಿದವು ಎಂಬ ನಿರೂಪಣೆ ಇನ್ನೂ ಅಗತ್ಯ. ಒಂದು ವಾಕ್ಯವನ್ನು ಮಾಹಿತಿದಾರರು ತಾವಾಗಿ ಹೇಳಿದರೋ, ನಾವು ಅನುವಾದಿಸಲು ಕೇಳಿದಾಗ ಹೇಳಿದರೋ, ನಾವು ಕಟ್ಟಿದ ವಾಕ್ಯಕ್ಕೆ ‘ಹೂಂ, ಹಾಗೂ ಅನ್ನಬಹುದು’ ಎಂದರೋ, ಈ ಮೂರೂ ಒಂದೇ ತೂಕದ ಸಾಕ್ಷ್ಯಗಳಲ್ಲ. ವ್ಯಾಕರಣದಲ್ಲಿ ಪ್ರತಿ ಉದಾಹರಣೆಯ ಮುಂದೆ ಅದರ ಮೂಲದ ಸಂಕೇತವನ್ನು ಕೊಡುವುದು ಕಷ್ಟದ ಕೆಲಸವೇನಲ್ಲ.

ಮೂರನೆಯದು ಸ್ಥಳಾಭಾವ ಮತ್ತು ಮೌಲ್ಯಮಾಪನದ ಭಯ. ವಿಫಲತೆಯನ್ನು ಬರೆದರೆ ಪ್ರಬಂಧ ದುರ್ಬಲವೆಂದು ಪರೀಕ್ಷಕರು ಭಾವಿಸುತ್ತಾರೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಅವರ ಭಯ ನಿರಾಧಾರವಲ್ಲ. ಇದಕ್ಕೆ ಉತ್ತರಿಸಬೇಕಾದವರು ವಿದ್ಯಾರ್ಥಿಗಳಲ್ಲ. ಮಾರ್ಗದರ್ಶಕರೂ ಪರೀಕ್ಷಕರೂ ಪತ್ರಿಕೆಗಳ ವಿಮರ್ಶಕರೂ ಆದ ನಾವು. ಯೋಜನೆಯಿಂದ ಕ್ಷೇತ್ರವು ಎಲ್ಲಿ ಬೇರೆಯಾಯಿತು ಎಂಬ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳಿ, ಪ್ರಾಮಾಣಿಕ ಉತ್ತರಕ್ಕೆ ಮನ್ನಣೆ ಕೊಟ್ಟರೆ ಆ ಅಚ್ಚು ತಾನಾಗಿ ಸಡಿಲಗೊಳ್ಳುತ್ತದೆ.

8. ಉಪಸಂಹಾರ

ಸಾರಲೇಖದ ಯೋಜನೆ ಒಂದು ದಾಖಲೆ. ಪ್ರಬಂಧದ ನಿರೂಪಣೆ ಇನ್ನೊಂದು. ಇವೆರಡರ ನಡುವಿನ ಅಂತರವೂ ಸಂಶೋಧನೆಯ ಫಲವೇ. ಆದ್ದರಿಂದ ಒಂದು ಸರಳ ರೂಢಿಯನ್ನು ಸೂಚಿಸುತ್ತೇನೆ: ಸಾರಲೇಖದ ವಿಧಾನಭಾಗವನ್ನು ತಿದ್ದದೆ ಪ್ರಬಂಧದ ಅನುಬಂಧದಲ್ಲಿ ಕೊಡುವುದು, ವಿಧಾನದ ಅಧ್ಯಾಯದಲ್ಲಿ ಅದರಿಂದ ಎಲ್ಲಿ, ಏಕೆ ಸರಿದೆವು ಎಂಬುದನ್ನು ಬರೆಯುವುದು. ಇದಕ್ಕೆ ಹೊಸ ಸಾಧನವಾಗಲಿ ಹಣವಾಗಲಿ ಬೇಡ. ಕ್ಷೇತ್ರಕ್ಕೆ ಹೋದ ದಿನದಿಂದ ಒಂದು ದಿನಚರಿ ಪುಸ್ತಕ ಇಟ್ಟರೆ ಸಾಕು.

ನನ್ನ ಪ್ರಬಂಧದ ಆ ಪುಟಕ್ಕೆ ಈಗ ನಾಲ್ಕು ಪುಟಗಳ ತಿದ್ದುಪಡಿಯನ್ನು ಬರೆದು, ಧ್ವನಿಮುದ್ರಿಕೆಗಳ ಜೊತೆಗೆ ಇರಿಸಿದ್ದೇನೆ. ಯಾವ ಸಂದರ್ಶನದಲ್ಲಿ ಅಧ್ಯಾಪಕರು ಇದ್ದರು, ಯಾವುದರಲ್ಲಿ ಇರಲಿಲ್ಲ ಎಂಬುದನ್ನು ನನ್ನ ಹಳೆಯ ಟಿಪ್ಪಣಿಗಳಿಂದ ಗುರುತಿಸುವುದು ಬಹುಮಟ್ಟಿಗೆ ಸಾಧ್ಯವಾಯಿತು. ಆ ವಿದ್ಯಾರ್ಥಿನಿ ಈಗ ಆ ಎರಡು ಗುಂಪುಗಳನ್ನು ಹೋಲಿಸುತ್ತಿದ್ದಾರೆ.